ಕೈಕಟ್ಟಿ ಕೂತು ಕ್ರಿಯಾಶೀಲರಾಗಿ!

ಮಗಳ ಹನ್ನೊಂದನೇ ತರಗತಿಗೆ ಈ ವರ್ಷದಿಂದ ಚಟುವಟಿಕೆ ಆಧಾರಿತ ಕಲಿಕೆ ಬಂದಿದೆ. ಅದೇನೆಂದು ತಿಳಿಸಲು ಪೋಷಕರ ಸಭೆ ಕರೆದಿದ್ದರು. ಸಂಪನ್ಮೂಲ ವ್ಯಕ್ತಿಯೊಬ್ಬರು ಎರಡು ಗಂಟೆ ನಿಂತು, 74 ಸ್ಲೈಡ್ ತೋರಿಸಿ, ಉಪನ್ಯಾಸದಿಂದ ಯಾರೂ ಏನೂ ಕಲಿಯುವುದಿಲ್ಲ ಎಂದು ಉಪನ್ಯಾಸ ಮಾಡಿದರು. ಮಾತು ನಿಜವೇ ಇರಬೇಕು, ನನಗಂತೂ ಏನೂ ತಲೆಗೆ ಹೋಗಲಿಲ್ಲ. ಹಿಂದಿನ ಸಾಲಿನವರೊಬ್ಬರು ಕೈ ಎತ್ತಿದರು. ಪ್ರಶ್ನೆಗಳೆಲ್ಲ ಕೊನೆಗೆ ಎಂದರು. ಕೊನೆಗೆ ವಂದನಾರ್ಪಣೆ ಇತ್ತು.

ಈ ಕಲಿಕೆಯಲ್ಲಿ ಬರುವ ಪ್ರಾಜೆಕ್ಟ್ ಎಂಬುದು ಹೊಸ ಸಂಗತಿಯೇನಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಈ ಬಗ್ಗೆ ಬರೆದಿದ್ದರು. ಮಗು ತನ್ನದೇ ಉದ್ದೇಶ ಇಟ್ಟುಕೊಂಡು ಮನಸಾರೆ ತೊಡಗುವ ಕೆಲಸವೇ ಪ್ರಾಜೆಕ್ಟ್ ಎಂಬುದು ಅವರ ವಾದ. ಪುಣ್ಯಾತ್ಮರಿಗೆ ಮುಖಪುಟ, ಪ್ರಮಾಣಪತ್ರ, ಕೃತಜ್ಞತೆ, ಸ್ಪೈರಲ್ ಬೈಂಡಿಂಗ್ ಇದ್ಯಾವುದೂ ಹೊಳೆದಿರಲಿಲ್ಲ. ಆ ಕೊರತೆಯನ್ನು ನಮ್ಮ ಶಾಲೆ ತುಂಬಿದೆ: 20 ಅಂಕಗಳಲ್ಲಿ ಅಂದಕ್ಕೆ 8, ಸಮಯಕ್ಕೆ ಸರಿಯಾಗಿ ಕೊಟ್ಟರೆ 5, ಬೈಂಡಿಂಗಿಗೆ 4. ಮಿಕ್ಕ 3 ಅಂಕ ವಿಷಯಕ್ಕೆ. ಮಕ್ಕಳು ಸ್ವಂತ ತೀರ್ಮಾನಕ್ಕೆ ತಡಕಾಡಬಾರದೆಂದು ಅದನ್ನೂ ಮೊದಲೇ ಟೈಪ್ ಮಾಡಿ ವಾಟ್ಸಾಪ್‌ಗೆ ಹಾಕಿದ್ದರು.

ಎಂಟೆಂಟು ಮಕ್ಕಳಿಗೆ ಒಂದು ಗುಂಪು. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ ಹಗ್ಗ ಎಳೆಸಿ ನೋಡಿ 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಂಟು ಜನ ಸೇರಿ ಎಳೆದರೆ ಒಬ್ಬೊಬ್ಬರ ಪಾಲಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅವರಿಗೆ ಅರ್ಧವಾದರೂ ಸಿಕ್ಕಿತ್ತು! ನಮ್ಮ ಗುಂಪಿನಲ್ಲಿ ಒಬ್ಬಳು ಬರೆದಳು, ಒಬ್ಬ ಎಲ್ಲರ ಹೆಸರು ಬರೆದ, ಉಳಿದ ಆರು ಮಂದಿ ಫೋಟೊಗೆ ನಿಂತರು. ಮಳೆನೀರು ಕೊಯ್ಲಿನ ಮಾದರಿ ಕತ್ತರಿಸಿ ಅಂಟಿಸಿದ್ದು ನಾನು. ರಾತ್ರಿ ಒಂದು ಗಂಟೆಗೆ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ಕೂತಾಗ ಒಪ್ಪಿಕೊಳ್ಳಲೇಬೇಕಾಯಿತು, ಮಾಡಿ ಕಲಿತದ್ದು ಮರೆಯುವುದಿಲ್ಲ. ಶೋಧಕದಲ್ಲಿ ಮರಳು ಎಲ್ಲಿ, ಜಲ್ಲಿ ಎಲ್ಲಿ ಎಂಬುದು ನನಗೀಗ ಬಾಯಿಪಾಠ. ಮಗಳು ಗಾಢ ನಿದ್ದೆಯಲ್ಲಿದ್ದಳು. ಕಾಲೇಜು ಮಟ್ಟದ ವಿಜ್ಞಾನ, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2014ರ ಸಂಶೋಧನೆಯೊಂದು, ಬರೀ ಉಪನ್ಯಾಸ ಕೇಳಿದವರು ಫೇಲಾಗುವ ಸಂಭವ ಒಂದೂವರೆ ಪಟ್ಟು ಹೆಚ್ಚು ಎಂದಿದೆ. ಆ ಲೆಕ್ಕದಲ್ಲಿ ಈ ಸಲ ನಾನು ಪಾಸು.

ಪ್ರದರ್ಶನದ ದಿನ ಮೂಲೆಯ ಮೇಜಿನ ಮುಂದೆ ಒಬ್ಬ ಹುಡುಗಿ ಸುಮ್ಮನೆ ನಿಂತಿದ್ದಳು. ಅವಳದು ಒಂದೇ ಹಾಳೆ, ಪೆನ್ಸಿಲ್ ಗ್ರಾಫು, ಪಕ್ಕದಲ್ಲಿ ಒಂದು ಲೀಟರ್ ಬಾಟಲಿ. ಶಾಲೆಯ ಹಿಂದಿನ ನಲ್ಲಿ ಸೋರುತ್ತಿದೆಯಲ್ಲ, ಅದರ ಕೆಳಗೆ ಬಾಟಲಿ ಇಟ್ಟು ವಾರಪೂರ್ತಿ ಅಳೆದಿದ್ದಾಳೆ. ಹನ್ನೆರಡು ನಿಮಿಷಕ್ಕೆ ಬಾಟಲಿ ಭರ್ತಿ. ದಿನಕ್ಕೆ 120 ಲೀಟರ್.

“ಏನಮ್ಮಾ, ಮುಖಪುಟವೇ ಇಲ್ಲ?” ಎಂದರು ಮೌಲ್ಯಮಾಪಕರು.

“ಸರ್, ವಾಷರ್ ಸವೆದಿದೆ. ಹೊಸದು ಹಾಕಿದ್ರೆ ನಿಲ್ಲತ್ತೆ.”

“ಅದು ಪ್ಲಂಬರ್ ಕೆಲಸ. ನಿಮ್ಮ ಟಾಪಿಕ್ ನೀರಿನ ಮಹತ್ವ ಅಲ್ವಾ? ಮಹತ್ವ ಎಲ್ಲಿದೆ ಇದ್ರಲ್ಲಿ?”

ಅವಳಿಗೆ 6 ಅಂಕ. ಮೊದಲ ಬಹುಮಾನ ನನಗೆ, ಅಂದರೆ ಮಗಳ ಗುಂಪಿಗೆ. ಉದ್ಘಾಟಕರ ಮುಂದೆ ನಮ್ಮ ಮಾದರಿಯ ಚಾವಣಿ ಮೇಲೆ ಮಳೆ ಸುರಿಸಿ ತೋರಿಸಬೇಕಿತ್ತು, ನೀರೇ ತಂದಿರಲಿಲ್ಲ. ಅವಳ ಬಾಟಲಿ ಎರವಲು ಪಡೆದು ನಾನೇ ಹಿತ್ತಲ ನಲ್ಲಿಗೆ ಓಡಿದೆ. ಹನ್ನೆರಡೇ ನಿಮಿಷ ಹಿಡಿಯಿತು.