ಹಿಮದ ಆಟಕ್ಕೊಂದು ಕೆಂಡದ ಡಬ್ಬಿ ಬೇಕು

ಪುಷ್ಯ ಮಾಸದ ಬೆಳಗಿನ ಜಾವ ತುಮಕೂರಿನಲ್ಲಿ ಉಷ್ಣಾಂಶ 15 ಡಿಗ್ರಿಗೆ ಇಳಿದರೆ ಸಾಕು, ನಾವು ಮಫ್ಲರ್ ಸುತ್ತಿಕೊಳ್ಳದೆ ಹಾಲು ತರಲು ಹೊರಡುವುದಿಲ್ಲ. ಇಂಥ ಊರಿನಲ್ಲಿ ಕುಳಿತು, ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು, ಸೊನ್ನೆಗಿಂತ 30 ಡಿಗ್ರಿ ಕೆಳಗಿರುವ ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕಿ ಉಳಿಯುವ ವಿಡಿಯೊ ಗೇಮ್ ಆಡುವ ನನ್ನ ಚಾಳಿಯನ್ನು ಕಂಡು ಮನೆಯವರು ನಗುತ್ತಾರೆ. ನಗಲಿ. ಈ ಆಟಕ್ಕೆ ಇನ್ನೂ ಯಾವ ಯಾವ ವಸ್ತುಗಳು ಬೇಕು ಎಂಬ ಬಗ್ಗೆ ನನಗೆ ಬಹಳ ದಿನಗಳಿಂದ ಕೆಲವು ಅಭಿಪ್ರಾಯಗಳಿವೆ, ಅವನ್ನು ಇಂದು ಬರೆದು ಮುಗಿಸುತ್ತೇನೆ.

ನಾನು ಆಡುವುದು ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊದವರ ‘ದ ಲಾಂಗ್ ಡಾರ್ಕ್’. 2014ರಲ್ಲಿ ಅರೆಬರೆ ರೂಪದಲ್ಲಿ ಬಂದು, 2017ರ ಆಗಸ್ಟ್‌ನಲ್ಲಿ ಪೂರ್ಣವಾಗಿ ಬಿಡುಗಡೆಯಾದ ಆಟವಿದು. ಆಮೇಲೆ ಹಣ ತೆತ್ತು ಕೊಳ್ಳಬೇಕಾದ ಭಾಗಗಳು ಬಂದವು, ನಾನು ಅವನ್ನು ಕೊಂಡಿಲ್ಲ, ಹಾಗಾಗಿ ನನ್ನ ಮಾತೆಲ್ಲ ಮೂಲ ಆಟವನ್ನು ಕುರಿತದ್ದು. ಭೂಮಿಗೆ ಅಪ್ಪಳಿಸಿದ ಕಾಂತೀಯ ಬಿರುಗಾಳಿಯಿಂದ ವಿದ್ಯುತ್ತೆಲ್ಲ ನಿಂತುಹೋಗಿರುವ, ಹಿಮ ಮುಚ್ಚಿದ ದ್ವೀಪವೊಂದರಲ್ಲಿ ನಾವು ಸಿಕ್ಕಿಬಿದ್ದಿರುತ್ತೇವೆ. ಇದರಲ್ಲಿ ಎದ್ದು ಬರುವ ಹೆಣಗಳಿಲ್ಲ, ದಂಡೆತ್ತಿ ಬರುವ ಶತ್ರುಗಳಿಲ್ಲ. ತೋಳ, ಕರಡಿಗಳಿವೆ ನಿಜ, ಆದರೆ ಬಹುತೇಕ ಸಲ ನಮ್ಮನ್ನು ಕೊಲ್ಲುವುದು ಚಳಿ, ದಣಿವು, ಬಾಯಾರಿಕೆ ಮತ್ತು ಹಸಿವು. ನಾನು ಆಡುವ ಬಗೆಯಲ್ಲಿ ಒಮ್ಮೆ ಸತ್ತರೆ ಅಲ್ಲಿಯವರೆಗಿನ ಆಟವೆಲ್ಲ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇಂತಹ ಆಟಕ್ಕೆ ಹೊಸದೇನು ಬೇಕೆಂದು ಆಡುವವರನ್ನು ಕೇಳಿದರೆ ಹೆಚ್ಚಿನವರು ಇನ್ನೊಂದು ಬಂದೂಕು, ಹಿಮದ ಮೇಲೆ ಓಡುವ ಮೋಟಾರು ಗಾಡಿ, ಜೊತೆಗೊಂದು ನಾಯಿ ಎನ್ನುತ್ತಾರೆ. ಇವು ಮೂರೂ ಆಟವನ್ನು ಹಾಳು ಮಾಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಆಟದ ಅತ್ಯಂತ ಕಠಿಣ ಹಂತಗಳಲ್ಲಿ ಒಂದಾದ ‘ಇಂಟರ್‌ಲೋಪರ್’ನಲ್ಲಿ ಬಂದೂಕು ಎಲ್ಲಿ ಹುಡುಕಿದರೂ ಸಿಗುವುದಿಲ್ಲ, ಚಾಕು ಮತ್ತು ಕೊಡಲಿಯನ್ನು ನಾವೇ ಕುಲುಮೆಯಲ್ಲಿ ಬಡಿದು ಮಾಡಿಕೊಳ್ಳಬೇಕು. ಪಳಗಿದ ಆಟಗಾರರು ಹುಡುಕಿಕೊಂಡು ಹೋಗುವುದು ಆ ಹಂತವನ್ನೇ. ನಾಯಿಯಂತೂ ಬೇಡವೇ ಬೇಡ. ಒಂಟಿತನವೇ ಈ ಆಟದ ಜೀವಾಳ. ಹೊಸ ವಸ್ತುವೊಂದು ಬರುವುದಾದರೆ ಅದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವಂತಿರಬೇಕು, ಅದನ್ನು ದಿನವೂ ಜೋಪಾನ ಮಾಡುವ ಕೆಲಸ ನಮ್ಮ ತಲೆಗೆ ಅಂಟಿಕೊಳ್ಳಬೇಕು.

ನನ್ನ ಮೊದಲ ಬೇಡಿಕೆ ಕೆಂಡದ ಡಬ್ಬಿ. ಆಟದಲ್ಲಿ ಬೆಂಕಿಕಡ್ಡಿ ಇದೆ, ಬಿಸಿಲಿದ್ದಾಗ ಭೂತಗನ್ನಡಿಯಿಂದ ಬೆಂಕಿ ಹೊತ್ತಿಸಬಹುದು, ಉರಿಯುವ ಒಲೆಯಿಂದ ಕೊಳ್ಳಿಯೊಂದನ್ನು ಎಳೆದುಕೊಂಡು ನಡೆಯಲೂಬಹುದು, ಆದರೆ ಗಾಳಿ ಬೀಸಿದರೆ ಕೊಳ್ಳಿ ಆರಿಹೋಗುತ್ತದೆ. ಉರಿಯನ್ನಲ್ಲ, ಕೆಂಡವನ್ನು ಹೊತ್ತು ನಡೆಯುವ ಉಪಾಯ ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ‘ಓಟ್ಜಿ’ ಎಂಬ ಮನುಷ್ಯನ ಬಳಿ ಬರ್ಚ್ ಮರದ ತೊಗಟೆಯಿಂದ ಹೊಲಿದ ಎರಡು ಡಬ್ಬಿಗಳಿದ್ದವು. ಒಂದರೊಳಗೆ ಮೇಪಲ್ ಮರದ ಎಲೆಗಳೂ ಇದ್ದಿಲಿನ ಚೂರುಗಳೂ ಇದ್ದವು. ಹಸಿ ಎಲೆಯಲ್ಲಿ ಕೆಂಡ ಸುತ್ತಿ ಅವನು ಮುಂದಿನ ಬಿಡಾರಕ್ಕೆ ಒಯ್ಯುತ್ತಿದ್ದನೆಂದು ಸಂಶೋಧಕರು ಹೇಳುತ್ತಾರೆ. ಬೆಂಕಿ ಹಿಡಿಸಲು ಬಳಸುವ ಮರದ ಅಣಬೆಯ ಚೂರುಗಳೂ ಅವನಲ್ಲಿದ್ದವು.

ಇದನ್ನು ಓದಿದಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಶಿರಾ ತಾಲ್ಲೂಕಿನ ನಮ್ಮ ಹಳ್ಳಿಯ ಅಡುಗೆಮನೆ ನೆನಪಾಯಿತು. ರಾತ್ರಿ ಮುದ್ದೆಯ ಪಾತ್ರೆ ಇಳಿಸಿದ ಮೇಲೆ ನಮ್ಮಜ್ಜಿ ಒಲೆಯ ಕೆಂಡಗಳನ್ನು ಒಂದು ಮೂಲೆಗೆ ಒತ್ತರಿಸಿ, ನಡುವೆ ಬೆರಣಿಯ ಒಂದು ಚೂರನ್ನು ಹುದುಗಿಸಿ, ಮೇಲೆ ಬೂದಿಯನ್ನು ಮೆಲ್ಲಗೆ ಹರಡಿ, ಅಂಗೈಯಿಂದ ತಟ್ಟುತ್ತಿದ್ದರು. ತೀರ ಒತ್ತಿ ತಟ್ಟಿದರೆ ಗಾಳಿಯಾಡದೆ ಕೆಂಡ ಸಾಯುತ್ತದೆ, ಸಡಿಲ ಬಿಟ್ಟರೆ ನಡುರಾತ್ರಿಗೇ ಉರಿದು ಮುಗಿಯುತ್ತದೆ. ಬೆಳಿಗ್ಗೆ ಎದ್ದು ಬೂದಿ ಕೆದಕಿ, ಊದುಕೊಳವೆಯಿಂದ ನಾಲ್ಕು ಸಲ ಊದಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ಯಾರ ಮನೆಯಲ್ಲಾದರೂ ಆರಿಹೋಗಿದ್ದರೆ ಅವರು ಬೆರಣಿಯ ತುಂಡು ಹಿಡಿದು ನಮ್ಮ ಬಾಗಿಲಿಗೆ ಬಂದು, ‘ಅಮ್ಮಯ್ಯ, ಒಂದ್ ಕೆಂಡ ಕೊಡ್ರಿ’ ಎಂದು ಕೇಳಿ, ಅದರ ಮೇಲೊಂದು ಕೆಂಡ ಇಟ್ಟುಕೊಂಡು ಹೋಗುತ್ತಿದ್ದರು. ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ, ಗೂಡಿನಲ್ಲಿ ಇರುತ್ತಿತ್ತು. ಒಂದು ಕಡ್ಡಿ ಗೀರುವುದೂ ದಂಡದ ಖರ್ಚೇ ಎಂಬ ಲೆಕ್ಕ ಅವರದು.

ಆಟದಲ್ಲಿ ಇದು ಹೀಗಿರಬಹುದು. ಬರ್ಚ್ ತೊಗಟೆ ಮತ್ತು ಪ್ರಾಣಿಯ ಕರುಳಿನ ದಾರದಿಂದ ಡಬ್ಬಿ ಹೊಲಿಯಬೇಕು, ತಳಕ್ಕೆ ಬೂದಿ ತುಂಬಬೇಕು. ಒಳಗಿಟ್ಟ ಕೆಂಡ ತಾನಾಗಿಯೇ ಬಾಳುವುದು ಎರಡು ಗಂಟೆ ಮಾತ್ರ, ಆಗಾಗ ನಿಂತು ಅಣಬೆಯ ಚೂರು ತಿನ್ನಿಸಿದರೆ ಹಗಲೆಲ್ಲ ಬಾಳುತ್ತದೆ. ಹಾಗೆ ನಿಲ್ಲುವಾಗ ಕೈಗವಸು ತೆಗೆಯಬೇಕು, ಬೆರಳು ಮರಗಟ್ಟುವ ಅಪಾಯವನ್ನು ಹೊರಬೇಕು. ಹೊಗೆಯ ವಾಸನೆಗೆ ತೋಳ ದೂರ ಸರಿಯಬಹುದು, ಆದರೆ ನಾವು ಬೇಟೆಗೆ ಹೊರಟ ಜಿಂಕೆಯೂ ಸರಿಯುತ್ತದೆ. ತೆಳುವಾದ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದರೆ ಡಬ್ಬಿಯ ಕಥೆ ಮುಗಿಯಿತು. ಹೀಗಾದರೆ ಉಳಿದ ಕಡ್ಡಿ ಎಷ್ಟು ಎಂದು ಎಣಿಸುವ ಆಟ ಬೆಂಕಿಯನ್ನು ಸಾಕುವ ಆಟವಾಗುತ್ತದೆ.

ಎರಡನೆಯದು ಸೀಳುಗನ್ನಡಕ. ಇದರಲ್ಲಿ ಗಾಜಿಲ್ಲ. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಜನರು ಮರ, ಮೂಳೆ ಅಥವಾ ಕೊಂಬಿನ ಪಟ್ಟಿಯಲ್ಲಿ ಕಿರಿದಾದ ಸೀಳು ಕೊರೆದು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ಹೊಸದಾಗಿ ಬಿದ್ದ ಹಿಮವು ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಮೇಲಕ್ಕೇ ಎಸೆಯಬಲ್ಲದಾದ್ದರಿಂದ ಟೋಪಿ ಹಾಕಿಕೊಂಡರೂ ಕಣ್ಣಿಗೆ ರಕ್ಷಣೆಯಿಲ್ಲ. ಹೀಗೆ ಕಣ್ಣು ಸುಟ್ಟು ಕೆಲಕಾಲ ಕಾಣದಂತಾಗುವ ಈ ಹಿಮಗುರುಡಿನ ವಿಚಿತ್ರವೆಂದರೆ ಅದು ಕೂಡಲೇ ಗೊತ್ತಾಗುವುದಿಲ್ಲ. ನಾನು ಹಿಮವನ್ನು ಕಣ್ಣಾರೆ ಕಂಡವನಲ್ಲ, ಆದರೆ ಈ ನೋವನ್ನು ಉಂಡವನು. ಪಿಯುಸಿ ರಜೆಯಲ್ಲಿ ಗೇಟು ಮಾಡಿಸಲೆಂದು ವೆಲ್ಡಿಂಗ್ ಅಂಗಡಿಗೆ ಹೋಗಿ, ನೋಡಬೇಡವೆಂದರೂ ಕಿಡಿಯನ್ನು ಕದ್ದು ಕದ್ದು ನೋಡಿಕೊಂಡು ಬಂದಿದ್ದೆ. ಸಂಜೆಯವರೆಗೆ ಏನೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಎರಡೂ ಕಣ್ಣಿಗೆ ಮರಳು ಸುರಿದು ಮೇಲೆ ಖಾರದಪುಡಿ ಉದುರಿಸಿದಂತೆ ಉರಿ ಎದ್ದಿತು. ರೆಪ್ಪೆ ಬಿಡಿಸಲಾಗದೆ, ಅಮ್ಮ ಇಟ್ಟ ಆಲೂಗಡ್ಡೆ ಹೋಳುಗಳ ಕೆಳಗೆ ಬೆಳಗಾಗುವವರೆಗೆ ನರಳಿದೆ. ವೆಲ್ಡಿಂಗ್ ಬೆಳಕಿನದೂ ಹಿಮದ್ದೂ ಒಂದೇ ಗಾಯ, ನೇರಳಾತೀತ ಕಿರಣದಿಂದ ಕಣ್ಣಿನ ಪಾರದರ್ಶಕ ಪಟಲ ಸುಡುವುದು.

ಆಟಕ್ಕೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಬೇಕೆ? ಬಿಸಿಲಿನ ದಿನ, ಹೆಪ್ಪುಗಟ್ಟಿದ ಸರೋವರ, ಬಿರುಗಾಳಿಯಿಲ್ಲವೆಂದು ಹಿಗ್ಗಿ ನಾಲ್ಕು ಗಂಟೆ ನಡೆದು ಗುಡಿಸಲು ಸೇರುತ್ತೇವೆ. ಸಾಲ ವಸೂಲಿ ರಾತ್ರಿ ಶುರುವಾಗುತ್ತದೆ, ಪರದೆ ಮಂಜಾಗುತ್ತದೆ, ಹೊಲಿಗೆ ಸಾಧ್ಯವಿಲ್ಲ, ಮರುದಿನವೆಲ್ಲ ಒಳಗೇ ಬಿದ್ದಿರಬೇಕು. ಸೀಳುಗನ್ನಡಕ ಕಟ್ಟಿಕೊಂಡರೆ ಇದು ತಪ್ಪುತ್ತದೆ, ಆದರೆ ಆಗ ಅಕ್ಕಪಕ್ಕ ಕಾಣುವುದಿಲ್ಲ, ಪಕ್ಕದಿಂದ ಬರುವ ತೋಳ ಮೈಮೇಲೆ ಬಿದ್ದಾಗಲೇ ತಿಳಿಯುತ್ತದೆ.

ಬೂಟಿನೊಳಗೆ ತುರುಕುವ ಒಣಹುಲ್ಲನ್ನೂ ಸೇರಿಸಬೇಕು. ಉತ್ತರ ಯೂರೋಪಿನ ಸಾಮಿ ಜನರು ಪಾದರಕ್ಷೆಗೆ ಹುಲ್ಲು ತುಂಬಿಕೊಳ್ಳುತ್ತಿದ್ದರು, ಓಟ್ಜಿಯ ಪಾದರಕ್ಷೆಯಲ್ಲೂ ಹುಲ್ಲೇ ಇತ್ತು. ಸಂಜೆ ತೆಗೆದು ಒಲೆಯ ಬಳಿ ಒಣಗಿಸದಿದ್ದರೆ ಮರುದಿನ ಅದೇ ಹುಲ್ಲು ಶತ್ರು. ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಕೊನೆಯದಾಗಿ ಕಂಬಳಿ. ಇದರಲ್ಲಿ ನನ್ನ ಊರಿನ ಅಭಿಮಾನ ಬೆರೆತಿದೆಯೆಂದು ಒಪ್ಪಿಕೊಂಡೇ ಬರೆಯುತ್ತೇನೆ. ಕೆನಡಾದ ಕಾಡಿನಲ್ಲಿ ಶಿರಾದ ಕರಿಕಂಬಳಿ ಸಿಗಬೇಕೆಂದು ನಾನು ಹೇಳುತ್ತಿಲ್ಲ. ದಪ್ಪ ಉಣ್ಣೆಯ ಹೊದಿಕೆ ಅಲ್ಲಿಯ ಯಾವ ಗುಡಿಸಲಿನಲ್ಲಾದರೂ ಇದ್ದೀತು. ನಾನು ಕೇಳುವುದು ನಮ್ಮ ಕುರಿ ಕಾಯುವವರು ಅದನ್ನು ಬಳಸುವ ರೀತಿಯನ್ನು. ಅವರಿಗೆ ಕಂಬಳಿ ರಾತ್ರಿ ಹಾಸಿಗೆ, ಮಳೆ ಬಂದರೆ ತಲೆಯ ಮೇಲಿನ ಕೊಪ್ಪೆ, ಎಳೆಯ ಮರಿಯನ್ನು ಕಟ್ಟಿಕೊಳ್ಳುವ ಜೋಳಿಗೆ. ಹುಣಸೆಬೀಜದ ಸರಿ ಹಾಕಿ ಬಿಗಿಗೊಳಿಸಿದ ಕಂಬಳಿ ಮಳೆಯನ್ನು ಬಹಳ ಹೊತ್ತು ತಡೆಯುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಆಟದಲ್ಲಿ ಮಾತ್ರ ಮಲಗುವ ಚೀಲ ಬರೀ ಮಲಗುವ ಚೀಲ, ಕೋಟು ಬರೀ ಕೋಟು. ಹೊದೆಯಲು, ಬಾಗಿಲ ಸಂದಿಗೆ ಕಟ್ಟಲು, ಮಾಂಸ ಸುತ್ತಿ ಎಳೆಯಲು ಒಂದೇ ವಸ್ತು ಬರುವಂತಿದ್ದರೆ ನಿತ್ಯವೂ ಒಂದು ಪೇಚು ಎದುರಾಗುತ್ತದೆ. ಸಂದಿಗೆ ಕಟ್ಟಿದರೆ ಹೊದೆಯಲು ಇಲ್ಲ, ಮಾಂಸ ಸುತ್ತಿದರೆ ರಕ್ತದ ವಾಸನೆ, ಆ ವಾಸನೆಯ ಕಂಬಳಿಯನ್ನೇ ಹೊದ್ದು ಮಲಗಿದರೆ ಬೆಳಿಗ್ಗೆ ಬಾಗಿಲಾಚೆ ಕರಡಿ. ಒದ್ದೆಯಾದರೆ ತೂಕ ಏರಬೇಕು, ಒಣಗಿಸಲು ಒಂದಿಡೀ ರಾತ್ರಿಯ ಸೌದೆ ಹೋಗಬೇಕು.

ನನ್ನ ಈಗಿನ ಆಟದಲ್ಲಿ ನಲವತ್ತೊಂದನೆಯ ದಿನ ನಡೆಯುತ್ತಿದೆ, ಹೊರಗೆ ಹಿಮಗಾಳಿ, ಉಳಿದಿರುವುದು ಮೂರು ಕಡ್ಡಿ. ನಿನ್ನೆ ರಾತ್ರಿ ಒಲೆ ಆರುತ್ತಾ ಬಂದಾಗ ಬೂದಿ ಮುಚ್ಚುವ ಗುಂಡಿಯನ್ನು ಪರದೆಯ ಮೇಲೆ ಎರಡು ಸಲ ಹುಡುಕಿದೆ.