ತ್ರಿಕೋನದೊಳಗಿನ ಅಂಕಿಯ ಬಗ್ಗೆ ಒಂದು ಸ್ಪಷ್ಟನೆ

ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ ಅಲ್ವಾ? ಆ ಪ್ಲಾಸ್ಟಿಕ್ಕನ್ನು ಎಷ್ಟು ಸಲ ಕರಗಿಸಿ ಮರುಬಳಕೆ ಮಾಡಬಹುದು ಎಂದು ಆ ಅಂಕಿ ಹೇಳುತ್ತದೆ ಎಂಬ ಸಂದೇಶ ಓಡಾಡುತ್ತಿದೆ. ಅದು ತಪ್ಪು. ನಾನೂ ನಂಬಿ ಕೆಲವರಿಗೆ ಕಳಿಸಿದ್ದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಬಗೆಯದು ಎಂದಷ್ಟೇ. 1 ಅಂದರೆ ಪಿಇಟಿ, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್. ಉಳಿದದ್ದೆಲ್ಲ 7. ವಿಂಗಡಿಸುವವರಿಗೆ ಅನುಕೂಲವಾಗಲಿ ಎಂದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಇದನ್ನು ತಂದಿತು. ಮರುಬಳಕೆ ಆಗಿಯೇ ಆಗುತ್ತದೆ ಎಂಬ ಭರವಸೆಯೂ ಇದರಲ್ಲಿಲ್ಲ. ಬಾಣಗಳಿಂದ ಜನರಿಗೆ ಗೊಂದಲವಾಗುತ್ತದೆ ಎಂದೇ 2013ರಲ್ಲಿ ಎಎಸ್‌ಟಿಎಂ (ವಸ್ತುಗಳಿಗೆ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡ ಅವನ್ನು ತೆಗೆದು ಬರೀ ತ್ರಿಕೋನ ಉಳಿಸಿತು. ಹಳೆಯ ಅಚ್ಚಿನ ಡಬ್ಬಿಗಳಲ್ಲಿ ಬಾಣ ಈಗಲೂ ಕಾಣುತ್ತದೆ.

ಬಗೆ ಗೊತ್ತಾಗುವುದು ನಿಜಕ್ಕೂ ಮುಖ್ಯ. ಪಿಇಟಿ ಕರಗಿಸುವಷ್ಟು ಬಿಸಿಯಲ್ಲಿ ಪಿವಿಸಿ ಒಡೆದು ಆಮ್ಲ ಬಿಡುತ್ತದೆ. ಸ್ವಲ್ಪ ಬೆರೆತರೂ ಮಾಲು ಬಣ್ಣಗೆಡುತ್ತದೆ, ಗಟ್ಟಿತನ ಕಳೆದುಕೊಳ್ಳುತ್ತದೆ. ನೀರಿಗೆ ಹಾಕಿ ಬೇರೆ ಮಾಡೋಣ ಎಂದರೆ ಎರಡೂ ಮುಳುಗುತ್ತವೆ! ದೊಡ್ಡ ಘಟಕಗಳ ಯಂತ್ರಗಳು ಸಾಮಾನ್ಯವಾಗಿ ಅಂಕಿ ಓದುವುದಿಲ್ಲ. ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಮರಳುವ ರೀತಿಯಿಂದ ಬಗೆ ಗುರುತಿಸುತ್ತವೆ. ಕಾರ್ಬನ್ ಬ್ಲಾಕ್ ಎಂಬ ಮಸಿಯಂಥ ಕಪ್ಪು ಪುಡಿ ಹಾಕಿದ ಕಪ್ಪು ಡಬ್ಬಿಗಳು ಆ ಬೆಳಕನ್ನು ಹೀರಿಕೊಂಡು ಎಷ್ಟೋ ಸಲ ಕಣ್ತಪ್ಪಿ ಹೋಗುತ್ತವೆ.

ಆ ಸಂದೇಶ ಬಂದರೆ ದಯವಿಟ್ಟು ಸುಮ್ನೆ ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.