ತಾಲಿಬಾನ್ ಸರ್ಕಾರಕ್ಕೆ ಭಾರತ ಮಾನ್ಯತೆ ಕೊಡಬೇಕೇ?

ಪರ: ಕಾಬೂಲಿನಲ್ಲಿ ಯಾರಿದ್ದಾರೋ ಅವರ ಜೊತೆಗೇ ವ್ಯವಹಾರ

ಈ ಪ್ರಶ್ನೆಗೆ ‘ಹೌದು’ ಅನ್ನುವ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದರು. ತಾಲಿಬಾನ್ ಮೇಲೆ ನನಗೆ ಯಾವ ಮಮಕಾರವೂ ಇಲ್ಲ. ಆದರೂ ದೇಶದ ಭದ್ರತೆಯ ಲೆಕ್ಕ ಹಾಕಿದಾಗ, ಇವತ್ತಲ್ಲ ನಾಳೆ ಮಾನ್ಯತೆ ಕೊಡುವುದೇ ಸರಿ ಅನ್ನಿಸುತ್ತದೆ.

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿಯಿತು. ಎರಡೇ ದಿನಕ್ಕೆ ನಮ್ಮ ರಾಯಭಾರಿ ಮತ್ತು ಸಿಬ್ಬಂದಿ ವಾಯುಪಡೆಯ ವಿಮಾನದಲ್ಲಿ ವಾಪಸ್ ಬಂದರು. ಆಗ ಬೇರೆ ದಾರಿ ಇರಲಿಲ್ಲ. ಆಮೇಲೆ ಏನಾಯಿತು ನೋಡಿ. 2022ರ ಜೂನ್‌ನಲ್ಲಿ ‘ತಾಂತ್ರಿಕ ತಂಡ’ ಎಂಬ ಹೆಸರಿನಲ್ಲಿ ನಮ್ಮವರು ಮತ್ತೆ ಕಾಬೂಲಿಗೆ ಹೋದರು. 2025ರ ಜನವರಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ದುಬೈನಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ಅವರನ್ನು ಭೇಟಿಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮುತ್ತಕಿ ದೆಹಲಿಗೇ ಬಂದರು. ಕಾಬೂಲಿನ ನಮ್ಮ ಕಚೇರಿ ಮತ್ತೆ ರಾಯಭಾರ ಕಚೇರಿ ಆಯಿತು. ಮುಕ್ಕಾಲು ದಾರಿ ನಡೆದಾಗಿದೆ. ಈಗ ನಿಂತು ಹಿಂದೆ ಮುಂದೆ ನೋಡಿದರೆ ಯಾರಿಗೆ ಲಾಭ?

ತಾಲಿಬಾನನ್ನು ಸಾಕಿದ್ದು ಪಾಕಿಸ್ತಾನ. 1996ರಿಂದ 2001ರವರೆಗಿನ ಅವರ ಮೊದಲ ಆಡಳಿತಕ್ಕೆ ಮಾನ್ಯತೆ ಕೊಟ್ಟ ಮೂರೇ ದೇಶಗಳಲ್ಲಿ ಅದೂ ಒಂದು. ಇವತ್ತು ಅವರಿಬ್ಬರಿಗೂ ಎಣ್ಣೆ ಸೀಗೆಕಾಯಿ. ಎರಡೂ ದೇಶಗಳ ನಡುವಿನ ಡ್ಯುರಾಂಡ್ ಗಡಿರೇಖೆಯನ್ನು ಕಾಬೂಲ್ ಒಪ್ಪುವುದಿಲ್ಲ. ಪಾಕಿಸ್ತಾನ ಸರ್ಕಾರದ ವಿರುದ್ಧವೇ ಹೋರಾಡುವ ಪಾಕಿಸ್ತಾನಿ ತಾಲಿಬಾನಿಗಳಿಗೆ ಅಫ್ಘಾನಿಸ್ತಾನ ಜಾಗ ಕೊಟ್ಟಿದೆ ಅನ್ನುವುದು ಇಸ್ಲಾಮಾಬಾದಿನ ದೂರು. 2025ರ ಅಕ್ಟೋಬರ್‌ನಲ್ಲಿ ಗಡಿಯಲ್ಲಿ ಕಾಳಗವೇ ನಡೆಯಿತು. ಕತಾರ್, ಟರ್ಕಿ ಮಧ್ಯೆ ಬಂದು ಕದನವಿರಾಮ ಮಾಡಿಸಬೇಕಾಯಿತು. ಅದಕ್ಕೂ ಮೊದಲು ಪಹಲ್ಗಾಮ್ ದಾಳಿಯನ್ನು ತಾಲಿಬಾನ್ ಖಂಡಿಸಿತ್ತು. ಇಂಥ ಅವಕಾಶ ಪದೇ ಪದೇ ಬರುವುದಿಲ್ಲ.

ಚೀನಾ 2024ರ ಜನವರಿಯಲ್ಲೇ ತಾಲಿಬಾನ್ ರಾಯಭಾರಿಯನ್ನು ಸ್ವೀಕರಿಸಿತು. 2025ರ ಜುಲೈನಲ್ಲಿ ರಷ್ಯಾ ಪೂರ್ತಿ ಮಾನ್ಯತೆ ಕೊಟ್ಟ ಮೊದಲ ದೇಶವಾಯಿತು. ನಮ್ಮದು ಅಲ್ಲಿ ಏನೇನಿದೆ? ಹೆರಾತ್‌ನ ಸಲ್ಮಾ ಅಣೆಕಟ್ಟು ಇದೆ, ಕಾಬೂಲಿನ ಸಂಸತ್ ಭವನ ಇದೆ, ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿಲೋಮೀಟರ್ ರಸ್ತೆ ಇದೆ. ಇರಾನಿನ ಚಾಬಹಾರ್ ಬಂದರಿನಿಂದ ಪಾಕಿಸ್ತಾನದ ಹಂಗಿಲ್ಲದೆ ಒಳಗೆ ಹೋಗುವ ದಾರಿ ಅದು. ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟ್ ಪಂದ್ಯ ಆಡಿದ್ದೂ 2018ರಲ್ಲಿ, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಇಷ್ಟು ವರ್ಷ ಗಳಿಸಿದ ವಿಶ್ವಾಸವನ್ನು ಸುಮ್ನೆ ಬಿಟ್ಟುಕೊಡಬಾರದು.

ಹೆಣ್ಣುಮಕ್ಕಳ ಶಾಲೆ ಮುಚ್ಚಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾನ್ಯತೆ ಸಿಗಲಿಲ್ಲ ಅಂತ ಅವರು ಶಾಲೆ ತೆರೆದಿಲ್ಲವಲ್ಲ? ಮ್ಯಾನ್ಮಾರಿನ ಸೇನಾಡಳಿತದ ಜೊತೆ ನಾವು 1990ರ ದಶಕದಿಂದ ಮಾತಾಡುತ್ತಲೇ ಇದ್ದೇವೆ. ಈಶಾನ್ಯದ ಗಡಿ ಕಾಯಲು ಅದು ಬೇಕಿತ್ತು. ಮಾನ್ಯತೆ ಬೇಡ ಅನ್ನುವವರು ಕಾಬೂಲಿಗೆ ಬೆನ್ನು ತಿರುಗಿಸಿ ಕೂರಿ ಅನ್ನುತ್ತಾರೆ. ಹಾಗೆ ಕೂತರೆ ಆ ಜಾಗಕ್ಕೆ ಬೀಜಿಂಗ್ ಬರುತ್ತದೆ.

ವಿರೋಧ: ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ

ಮಾತಾಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಕಾಬೂಲಿನಲ್ಲಿ ನಮ್ಮ ಕಚೇರಿ ಇರಲಿ. 2025ರ ಆಗಸ್ಟ್ ಕೊನೆಗೆ ಕುನಾರ್‌ನಲ್ಲಿ ಭೂಕಂಪವಾದಾಗ ಡೇರೆ, ಆಹಾರ ಕಳಿಸಿದೆವು. ಒಳ್ಳೆಯದೇ ಮಾಡಿದೆವು. ಇದೆಲ್ಲ ಮಾನ್ಯತೆ ಕೊಡದೆಯೇ ಆಗಿದೆ, ಅಲ್ವಾ? ಹಾಗಿದ್ದರೆ ಮಾನ್ಯತೆ ಯಾಕೆ ಬೇಕು? ಅದು ಬೇಕಿರುವುದು ನಮಗಲ್ಲ, ಅವರಿಗೆ. ಅವರಿಗೆ ಇನ್ನೂ ಸಿಗದೆ ಉಳಿದಿರುವುದು ಅದೊಂದೇ. ನಮ್ಮ ಕೈಯಲ್ಲಿ ಇರುವುದೂ ಅದೊಂದೇ.

1999ರ ಡಿಸೆಂಬರ್ ನೆನಪಿರುವವರಿಗೆ ಕಂದಹಾರ್ ಎಂದರೆ ಸಾಕು. ಅಪಹರಣವಾದ ಇಂಡಿಯನ್ ಏರ್‌ಲೈನ್ಸ್ ವಿಮಾನ ನಿಂತಿದ್ದು ತಾಲಿಬಾನ್ ನೆಲದಲ್ಲಿ. ಪ್ರಯಾಣಿಕರನ್ನು ಬಿಡಿಸಿಕೊಳ್ಳಲು ಮಸೂದ್ ಅಜರ್ ಸೇರಿ ಮೂವರನ್ನು ನಾವು ಬಿಟ್ಟುಕೊಟ್ಟೆವು. ಆತ ಜೈಷ್-ಎ-ಮೊಹಮ್ಮದ್ ಎಂಬ ಉಗ್ರ ಸಂಘಟನೆ ಕಟ್ಟಿದ. 2008ರ ಜುಲೈನಲ್ಲಿ ಕಾಬೂಲಿನ ನಮ್ಮ ರಾಯಭಾರ ಕಚೇರಿಯ ಗೇಟಿನಲ್ಲೇ ಬಾಂಬ್ ಸ್ಫೋಟವಾಗಿ ಬ್ರಿಗೇಡಿಯರ್ ರವಿ ದತ್ ಮೆಹ್ತಾ, ರಾಜತಾಂತ್ರಿಕ ವೆಂಕಟೇಶ್ವರ ರಾವ್ ತೀರಿಕೊಂಡರು. ಆ ದಾಳಿಯ ಹಿಂದೆ ತಾಲಿಬಾನ್ ಜೊತೆಗಿನ ಉಗ್ರರ ಗುಂಪಾದ ಹಕ್ಕಾನಿ ಜಾಲ ಇತ್ತು ಎಂದು ಅಮೆರಿಕದ ಅಧಿಕಾರಿಗಳೇ ಹೇಳಿದರು. ಅದೇ ಜಾಲದ ಮುಖ್ಯಸ್ಥ ಸಿರಾಜುದ್ದೀನ್ ಹಕ್ಕಾನಿ 2021ರಲ್ಲಿ ತಾಲಿಬಾನ್ ಸರ್ಕಾರದ ಗೃಹ ಸಚಿವನಾದ. ಪರವಾಗಿ ಬರೆದವರು ಜರಂಜ್ ರಸ್ತೆಯ ಹೆಮ್ಮೆ ಹೇಳಿದ್ದಾರೆ. ಆ ರಸ್ತೆಯ ಕೆಲಸಕ್ಕೆ ಹೋಗಿದ್ದ ನಮ್ಮ ಗಡಿ ರಸ್ತೆ ಸಂಸ್ಥೆಯ ಚಾಲಕನನ್ನು 2005ರಲ್ಲಿ ತಾಲಿಬಾನ್ ಅಪಹರಿಸಿ ಕೊಂದಿತು. ಅದನ್ನೂ ಸೇರಿಸಿ ಹೇಳಬೇಕಿತ್ತು.

ಪಾಕಿಸ್ತಾನಕ್ಕೂ ಅವರಿಗೂ ಈಗ ಜಗಳ, ನಿಜ. ಜಗಳ ಇವತ್ತು ಇರುತ್ತದೆ, ನಾಳೆ ರಾಜಿ ಆಗುತ್ತದೆ. ನಾವು ಹಾಕಿದ ಸಹಿ ಮಾತ್ರ ಹಾಗೇ ಇರುತ್ತದೆ.

ಆದರೆ ನನಗೆ ಈ ವಿಷಯ ಇಷ್ಟು ತಾಕಲು ಕಾರಣ ಬೇರೆ ಇದೆ. ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಕಾಬೂಲಿನ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಎಂ.ಕಾಂ. ಓದುತ್ತಿದ್ದಳು. ನನ್ನನ್ನು ‘ಆಂಟಿ’ ಅನ್ನುತ್ತಿದ್ದಳು. ನಮ್ಮ ಚಪಾತಿ ಅವಳಿಗೆ ತೀರಾ ತೆಳು, ಅನ್ನ ತೀರಾ ಸಪ್ಪೆ. ಊರಲ್ಲಿ ಅಪ್ಪ, ಅಮ್ಮ, ಏಳನೇ ತರಗತಿಯ ತಂಗಿ. ತಾಲಿಬಾನ್ ಬಂದ ಮೇಲೆ ಆರನೆಯದರ ಆಚೆ ಹೆಣ್ಣುಮಕ್ಕಳಿಗೆ ಶಾಲೆ ಇಲ್ಲ. 2022ರ ಮಾರ್ಚ್ 23ಕ್ಕೆ ತೆರೆಯುತ್ತೇವೆ ಎಂದು ಹೇಳಿದರು. ತಂಗಿ ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಹೋದಳು. ಕೆಲವೇ ಗಂಟೆಗಳಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದರು.

ಅವತ್ತಿನಿಂದ ಅಕ್ಕನೇ ಮೇಷ್ಟ್ರು. ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ಎಂಟು. ಫೋನಿನಲ್ಲಿ ವಿಡಿಯೊ ಹಾಕಿ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ತಂಗಿ ಬರೆದು ಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿಯುತ್ತಿದ್ದಳು. ಅಕ್ಷರ ಕಾಣದೆ ಇವಳು ‘ಮೇಲೆತ್ತು, ಇನ್ನೂ ಮೇಲೆತ್ತು’ ಎಂದು ಕೈಸನ್ನೆ ಮಾಡುತ್ತಿದ್ದಳು. ಅಲ್ಲಿ ಕರೆಂಟು ಹೋದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು. ಎಷ್ಟೋ ಸಲ ನಾನು ಟೀ ಕೊಡಲು ಹೋಗಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದೇನೆ. ಆ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳೂ ಹೆಣ್ಣುಮಕ್ಕಳಿಗೆ ಬಂದ್ ಆದವು. ಅವತ್ತು ಅವಳು ಕೆಳಗೆ ಬಂದು ಕೇಳಿದ ಪ್ರಶ್ನೆ: ‘ಆಂಟಿ, ಅವಳಿಗೆ ಮುಂದಿನದನ್ನು ಯಾಕೆ ಕಲಿಸಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕಲಿಸುವುದನ್ನು ಮಾತ್ರ ಬಿಡಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಮಹಿಳಾ ಸಚಿವಾಲಯ ಇದ್ದ ಕಟ್ಟಡವನ್ನು ‘ಸದಾಚಾರ’ದ ಸಚಿವಾಲಯಕ್ಕೆ ಕೊಟ್ಟವರು ಇವರು. 2024ರ ಕಾನೂನಿನಲ್ಲಿ ಹೆಣ್ಣಿನ ದನಿಯೇ ಹೊರಗೆ ಕೇಳಬಾರದು ಎಂದು ಬರೆದರು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವರ ಸರ್ವೋಚ್ಚ ನಾಯಕ ಹೈಬತುಲ್ಲಾ ಅಖುಂದ್‌ಜಾದಾ ಬಂಧನಕ್ಕೆ ವಾರಂಟ್ ಹೊರಡಿಸಿತು. ಮುತ್ತಕಿ ದೆಹಲಿಗೆ ಬಂದಾಗ ಮೊದಲ ಪತ್ರಿಕಾಗೋಷ್ಠಿಗೆ ಒಬ್ಬ ಪತ್ರಕರ್ತೆಯೂ ಇರಲಿಲ್ಲ. ನಮ್ಮ ರಾಜಧಾನಿಯಲ್ಲಿ! ಗಲಾಟೆ ಎದ್ದ ಮೇಲೆ ಎರಡು ದಿನ ಬಿಟ್ಟು ಇನ್ನೊಂದು ಗೋಷ್ಠಿ ಕರೆದು, ಮಹಿಳೆಯರನ್ನೂ ಕರೆದರು. ಅಂದರೆ ಒತ್ತಡಕ್ಕೆ ಅವರು ಬಗ್ಗುತ್ತಾರೆ. ಏನೋ ಬೇಕಾಗಿರುವಾಗ ಬಗ್ಗುತ್ತಾರೆ. ಬೇಕಾದ್ದು ಸಿಕ್ಕ ಮೇಲೆ ಯಾಕೆ ಬಗ್ಗುತ್ತಾರೆ?

ಮ್ಯಾನ್ಮಾರನ್ನು ಉದಾಹರಣೆ ಕೊಡುವವರಿಗೆ ನಾನು ಹೇಳುವುದು ಇಷ್ಟೇ: ರಸ್ತೆ, ಬಂದರು, ಒಣಹಣ್ಣಿನ ವ್ಯಾಪಾರಕ್ಕಾಗಿ ಅರ್ಧ ದೇಶವನ್ನು ಮನೆಯೊಳಗೆ ಕೂಡಿಹಾಕುವುದನ್ನು ನಾವು ಒಪ್ಪಿದೆವು ಎಂದು ಬರೆದುಕೊಡಬೇಡಿ.

ಅಫ್ಘಾನಿಸ್ತಾನದ ನಂಗರ್‌ಹಾರ್‌ನಲ್ಲಿ ಜೈಷ್ ತರಬೇತಿ ಶಿಬಿರಗಳಿವೆ ಎಂಬ ಮಾಹಿತಿ 2022ರ ವಿಶ್ವಸಂಸ್ಥೆಯ ವರದಿಯಲ್ಲೇ ಇದೆ. ತಮ್ಮ ನೆಲವನ್ನು ಭಾರತದ ವಿರುದ್ಧ ಬಳಸಲು ಬಿಡುವುದಿಲ್ಲ ಎಂದು ತಾಲಿಬಾನ್ ಹೇಳುತ್ತಲೇ ಇದೆ. ಬಾಯಿಮಾತು ಸಾಲದು. ಅಲ್ಲಿಗೆ ಹೊರಗಿನ ಪರಿಶೀಲಕರನ್ನು ಬಿಡಲಿ, ಏಳನೇ ತರಗತಿಯಿಂದ ಹುಡುಗಿಯರನ್ನು ಶಾಲೆಗೆ ಸೇರಿಸಿಕೊಳ್ಳಲಿ. ಆಮೇಲೆ ಮಾನ್ಯತೆಯ ಮಾತು ಶುರುವಾಗಲಿ. ಅಲ್ಲಿಯವರೆಗೆ ಗೋಧಿ, ಔಷಧಿ, ವಿದ್ಯಾರ್ಥಿವೇತನ ಎಷ್ಟು ಬೇಕೋ ಅಷ್ಟು ಕೊಡೋಣ, ಇನ್ನೂ ಜಾಸ್ತಿಯೇ ಕೊಡೋಣ.